ಪುನರ್ನಿರ್ಮಿತ ಎಂಜಿನು: ಪರೀಕ್ಷೆಯು ಅವಿಶ್ವಾಸವಲ್ಲ



ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಇಷ್ಟಲಿಂಗ ಪೂಜೆಯ ಕ್ರಮ, ವಚನಗಳ ಅರ್ಥ, ಮಕ್ಕಳ ಲಿಂಗದೀಕ್ಷೆ, ವಿವಾಹದ ವಿಧಿ ಮೊದಲಾದ ವಿಷಯಗಳನ್ನು ಕುರಿತವು. ಕಳೆದ ಮಾಘ ಮಾಸದಲ್ಲಿ ನಮ್ಮ ಕೈಸೇರಿದ ಪತ್ರವೊಂದು ಬೇರೆ ಬಗೆಯದಾಗಿತ್ತು. ರಾಣೇಬೆನ್ನೂರಿನ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಹೀಗೆ ಬರೆದಿದ್ದರು:

"ಗುರುಗಳಿಗೆ ಶರಣಾರ್ಥಿಗಳು. ನಮ್ಮ ಮಗ ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿದ್ದಾನೆ. ಬರುವ ಬೇಸಗೆಯಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡು ಊರೂರು ತೋರಿಸಬೇಕೆಂಬುದು ಅವನ ಆಸೆ. ಅದಕ್ಕಾಗಿ ಮಲಗಲು, ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ಹಳೆಯ ವ್ಯಾನೊಂದನ್ನು ಕೊಳ್ಳಲು ಹೊರಟಿದ್ದಾನೆ. 1971ರ ಗಾಡಿಯಂತೆ. ಎಂಜಿನನ್ನು ಬಿಚ್ಚಿ ಹೊಸದಾಗಿ ಕಟ್ಟಿಸಲಾಗಿದೆಯಂತೆ. ಅವನ ತಾಯಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಬೇಕು. ಕಾಡಿನಲ್ಲೋ ಮರುಭೂಮಿಯಲ್ಲೋ ಗಾಡಿ ನಿಂತರೆ ಗತಿಯೇನು? ಪರೀಕ್ಷೆ ಮಾಡಿಸಪ್ಪಾ ಎಂದರೆ, ಮಾರುವವರು ನಮ್ಮ ಸಮಾಜದ ಹಿರಿಯರು, ನಮ್ಮವರನ್ನೇ ನಂಬದಿದ್ದರೆ ಹೇಗೆ ಎನ್ನುತ್ತಾನೆ. ತಾವು ಆ ನಾಡಿನಲ್ಲಿ ಸಂಚರಿಸಿ ಬಂದವರು. ದಾರಿ ತೋರಿಸಬೇಕು."

ಮಠದಲ್ಲಿ ಓದಿ ಬೆಳೆದ ನಮಗೂ ಎಂಜಿನಿಗೂ ಏನು ಸಂಬಂಧವೆಂದು ಕೆಲವರು ನಗಬಹುದು. ಸಂಬಂಧವುಂಟು. ಅದನ್ನು ಮೊದಲು ಹೇಳಿಬಿಡುವುದು ಲೇಸು; ಏಕೆಂದರೆ ಅದರಲ್ಲಿ ನಮ್ಮದೂ ಒಂದು ತಪ್ಪಿದೆ.

2014ರ ಜೂನ್ ತಿಂಗಳಲ್ಲಿ ಉಪನ್ಯಾಸಗಳ ನಿಮಿತ್ತ ನಾವು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆವು. ಉಪನ್ಯಾಸಗಳು ಮುಗಿದ ಮೇಲೆ ಭಕ್ತ ಕುಟುಂಬವೊಂದು ನಮ್ಮನ್ನು ಗ್ರ್ಯಾಂಡ್ ಕ್ಯಾನಿಯನ್ನಿಗೆ ಕರೆದೊಯ್ಯಲು ಸಿದ್ಧವಾಯಿತು. ಬೆಳಗಿನ ಪೂಜೆಗೆ ತಾವಿರುತ್ತದೆ, ಸಸ್ಯಾಹಾರದ ಅಡುಗೆಯನ್ನು ನಾವೇ ಮಾಡಿಕೊಳ್ಳಬಹುದು ಎಂಬ ಕಾರಣದಿಂದ 1970ರ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನೊಂದನ್ನು ಆ ಮನೆಯವರು ಪರಿಚಿತರಿಂದ ಕೊಂಡಿದ್ದರು. ಹೊರಡುವ ಹಿಂದಿನ ದಿನ ಮನೆಯ ಯಜಮಾನರು, "ಒಮ್ಮೆ ಗ್ಯಾರೇಜಿನಲ್ಲಿ ತೋರಿಸಿಕೊಂಡು ಬರಲೆ, ಗುರುಗಳೆ?" ಎಂದು ಕೇಳಿದರು. "ಕೊಟ್ಟವರು ನಮ್ಮವರೇ ಅಲ್ಲವೆ? ಕೇಳಿದರೆ ನೊಂದುಕೊಂಡಾರು" ಎಂದು ನಾವೇ ತಡೆದೆವು. ಬಾರ್‌ಸ್ಟೋ ದಾಟಿ ನೀಡಲ್ಸ್ ಎಂಬ ಊರಿನತ್ತ ಸಾಗುವ ಮೊಹಾವೆ ಮರುಭೂಮಿಯ ಏರುಹಾದಿಯಲ್ಲಿ, ನಡುಹಗಲಿನಲ್ಲಿ, ಎಂಜಿನಿನಿಂದ ಸುತ್ತಿಗೆಯ ಪೆಟ್ಟಿನಂತಹ ಸದ್ದು ಕೇಳಿ ಗಾಡಿ ನಿಂತಿತು. ಎಳೆದೊಯ್ಯುವ ಲಾರಿ ಬರುವವರೆಗೆ ಮೂರು ಗಂಟೆ ಹಿಡಿಯಿತು. ಜೊತೆಯಲ್ಲಿ ಏಳು ವರ್ಷದ ಕೂಸೊಂದಿತ್ತು. ತಂದಿದ್ದ ನೀರು ತೀರಿ, ಆ ಮಗು ವಾಂತಿ ಮಾಡಿಕೊಂಡು ತಾಯಿಯ ತೊಡೆಯ ಮೇಲೆ ಬಾಡಿ ಮಲಗಿದ ದೃಶ್ಯ ಇಂದಿಗೂ ನಮ್ಮ ಕಣ್ಣಿನಿಂದ ಮರೆಯಾಗಿಲ್ಲ. ದಾರಿಹೋಕ ಲಾರಿಯವನೊಬ್ಬ ನಿಲ್ಲಿಸಿ ನೀರು ಕೊಟ್ಟ. ಅವನ ಕುಲಗೋತ್ರ ನಮಗೆ ತಿಳಿಯದು.

ನೀಡಲ್ಸಿನ ವೃದ್ಧ ಮೇಸ್ತ್ರಿಯೊಬ್ಬರು ಎಂಜಿನನ್ನು ಇಳಿಸಿ ಬಿಚ್ಚಿದರು. ಮೂರನೆಯ ಸಿಲಿಂಡರಿನಲ್ಲಿ ಹೊಗೆ ಹೊರಹೋಗುವ ವಾಲ್ವಿನ ತಲೆ ಮುರಿದು ಪಿಸ್ಟನ್ನನ್ನು ಚುಚ್ಚಿಹಾಕಿತ್ತು. ಪಿಸ್ಟನ್ನು, ಸಿಲಿಂಡರುಗಳು ಹೊಸವು. ಅವುಗಳ ಮೇಲೆ ಕೂರಿಸಿದ ಹೆಡ್ಡುಗಳು, ವಾಲ್ವುಗಳು ಮಾತ್ರ ಹಳೆಯವು. ಹೊರಗೆ ಮಿರುಗುವ ಕಪ್ಪು ಬಣ್ಣ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಅಂದು ಕಪ್ಪು ಬಣ್ಣದಲ್ಲಿ ಕಂಡೆವು. ಮಾರಿದವರು ಸುಳ್ಳು ಹೇಳಿರಲಿಲ್ಲ. ಅವರು ಕೊಂಡಾಗಲೂ ಹಿಂದಿನ ಯಜಮಾನ 'ಪುನರ್ನಿರ್ಮಿತ' ಎಂದೇ ಹೇಳಿದ್ದನಂತೆ. ಮಾತು ಬಾಯಿಂದ ಬಾಯಿಗೆ ದಾಟಿ ಬಂದಿತ್ತು. ನಡುವೆ ಒಬ್ಬರೂ ತೆರೆದು ನೋಡಿರಲಿಲ್ಲ. ರಿಪೇರಿ ನಡೆದ ಆ ದಿನಗಳಲ್ಲಿ ಮೇಸ್ತ್ರಿಯ ಬಳಿ ಕುಳಿತು ನಾವು ಕೇಳಿ ತಿಳಿದದ್ದನ್ನೂ, ಬಳಿಕ ಕೈಪಿಡಿಗಳಲ್ಲಿ ಓದಿಕೊಂಡದ್ದನ್ನೂ ಶಿಕ್ಷಕರ ಮಗನಿಗೆ ಪತ್ರಮುಖೇನ ಬರೆದೆವು. ಪರದೇಶದಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಹಲವಾದುದರಿಂದ ಅದರ ಸಾರವನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲು ಗಾಡಿಯ ಪರಿಚಯ. ಹಾಲೆಂಡಿನ ಬೆನ್ ಪಾನ್ ಎಂಬ ವ್ಯಾಪಾರಿ 1947ರಲ್ಲಿ ಕಾಗದದ ಮೇಲೆ ಗೀಚಿದ ಚಿತ್ರವೇ ಇದರ ಮೂಲ. ಜರ್ಮನಿಯ ವುಲ್ಫ್ಸ್‌ಬರ್ಗಿನಲ್ಲಿ 1950ರಲ್ಲಿ ತಯಾರಿಕೆ ಆರಂಭವಾಯಿತು. 1956ರಲ್ಲಿ ಹ್ಯಾನೋವರಿಗೆ ವರ್ಗವಾಯಿತು. ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ 1951ರಿಂದ ಇದರೊಳಗೆ ಹಾಸಿಗೆ, ಕಪಾಟುಗಳನ್ನು ಜೋಡಿಸಿ ಚಲಿಸುವ ಮನೆಯನ್ನಾಗಿಸಿತು. ಎರಡನೆಯ ಪೀಳಿಗೆಯ ಗಾಡಿ 1967ರಲ್ಲಿ ಬಂದಿತು. ಬ್ರೆಜಿಲ್ ದೇಶದಲ್ಲಿ ಅದರ ವಂಶ 2013ರವರೆಗೂ ನಡೆಯಿತು. 1971ರ ಮಾದರಿಯ ಎಂಜಿನು ಹಿಂಭಾಗದಲ್ಲಿದೆ, 1,584 ಸಿ.ಸಿ.ಯದು, ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುತ್ತವೆ. ನೀರಿನ ರೇಡಿಯೇಟರಿಲ್ಲ. ಬೆಲ್ಟಿನಿಂದ ತಿರುಗುವ ಒಂದು ಫ್ಯಾನೂ ಕೇವಲ ಎರಡೂವರೆ ಲೀಟರ್ ಎಣ್ಣೆಯೂ ಇಡೀ ಎಂಜಿನನ್ನು ತಂಪಾಗಿಡಬೇಕು. ಮಗುವಿಗೆ ಬೀಸಣಿಗೆ ಬೀಸಿದಂತೆ ಗಾಳಿ ಸದಾ ಬೀಸುತ್ತಿದ್ದರೆ ಮಾತ್ರ ಅದಕ್ಕೆ ನೆಮ್ಮದಿ. ಇದೇ ಅದರ ಗುಣ, ಇದೇ ಅದರ ದೌರ್ಬಲ್ಯ.

ಇನ್ನು 'ಪುನರ್ನಿರ್ಮಿತ' ಎಂಬ ಪದ. ಒಬ್ಬರು ಎಂಜಿನನ್ನು ಕಟ್ಟಕಡೆಯ ಬೋಲ್ಟಿನವರೆಗೆ ಬಿಚ್ಚಿ, ಪ್ರತಿಯೊಂದನ್ನೂ ಅಳೆದು, ಸವೆದುದನ್ನು ಬದಲಿಸಿ ಕಟ್ಟುತ್ತಾರೆ. ಇನ್ನೊಬ್ಬರು ಪಿಸ್ಟನ್ನು, ರಿಂಗು ಬದಲಿಸಿ ಬಣ್ಣ ಬಳಿಯುತ್ತಾರೆ. ಇಬ್ಬರೂ ಬಳಸುವ ಪದ ಒಂದೇ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಗಾಡಿಗಳಿಗೆ ಹೊಗೆ ತಪಾಸಣೆಯ ಕಡ್ಡಾಯವೂ ಇಲ್ಲವಾದುದರಿಂದ ಆ ನೆಪದಲ್ಲಾದರೂ ಯಾರೂ ನೋಡಿರುವುದಿಲ್ಲ. ಆದುದರಿಂದ ಪದವನ್ನು ಬದಿಗಿಟ್ಟು ಸಾಕ್ಷ್ಯಗಳನ್ನು ಕೇಳಬೇಕು. ಸಾಕ್ಷ್ಯಗಳು ಮೂರು: ಕಾಗದ, ಅಳತೆ, ಓಟ.

ಮೊದಲನೆಯದು ಕಾಗದ. ಬಿಚ್ಚಿ ಕಟ್ಟಿದವರು ಯಾರು, ಯಾವ ವರ್ಷ, ಎಷ್ಟು ಮೈಲಿಯ ಹಿಂದೆ? ಕ್ರ್ಯಾಂಕನ್ನು ಯಾವ ಅಳತೆಗೆ ಉಜ್ಜಿಸಲಾಯಿತು? ಈ ಎಂಜಿನಿನ ಹೊರಕವಚ ಮೆಗ್ನೀಸಿಯಮ್ ಮಿಶ್ರಲೋಹದ್ದು. ಬೇರಿಂಗುಗಳು ಕೂರುವ ತಾವು ಕಾಲಕ್ರಮದಲ್ಲಿ ಸವೆಯುತ್ತದೆ. ಅದನ್ನು ಯಂತ್ರದಲ್ಲಿ ಕೊರೆದು ಸರಿಪಡಿಸಿ, ಆ ಅಳತೆಗೆ ತಕ್ಕ ಬೇರಿಂಗು ಹಾಕಲಾಗಿದೆಯೆ? ಹೆಡ್ಡುಗಳು ಹೊಸವೆ, ಹಳೆಯವೆ? ನಿಜವಾದ ಕೆಲಸಗಾರನ ಬಿಲ್ಲಿನಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಬರೆದಿರುತ್ತವೆ. 'ಎಂಜಿನು ರಿಪೇರಿ, ಒಟ್ಟು ಇಷ್ಟು' ಎಂಬ ಒಂದೇ ಸಾಲಿನ ಚೀಟಿಯು ಹಣ ಸಂದಾಯವಾದುದಕ್ಕೆ ಸಾಕ್ಷಿಯೇ ಹೊರತು ಕೆಲಸ ನಡೆದುದಕ್ಕಲ್ಲ. ಬಿಲ್ಲಿನಲ್ಲಿರುವ ಎಂಜಿನ್ ಸಂಖ್ಯೆಯೂ, ಜನರೇಟರು ನಿಂತಿರುವ ಕಂಬದ ಬುಡದಲ್ಲಿ ಕವಚದ ಮೇಲೆ ಕೆತ್ತಿರುವ ಸಂಖ್ಯೆಯೂ ಒಂದೇ ಎಂಬುದನ್ನು ಕಣ್ಣಾರೆ ನೋಡಬೇಕು.

ಇಲ್ಲಿ ಹಲವರು ಒಂದು ಭ್ರಮೆಗೆ ಒಳಗಾಗುತ್ತಾರೆ. ಕಟ್ಟಿದ ಮೇಲೆ ನೂರೇ ಮೈಲಿ ಓಡಿದ ಎಂಜಿನು, ಐದಾರು ಸಾವಿರ ಮೈಲಿ ಓಡಿದ್ದಕ್ಕಿಂತ ಉತ್ತಮವೆಂದು ಭಾವಿಸುತ್ತಾರೆ. ವಾಸ್ತವ ಬಹುಮಟ್ಟಿಗೆ ತಿರುಗುಮುರುಗು. ಕಟ್ಟುವಾಗಿನ ತಪ್ಪುಗಳು ಮೊದಲ ಕೆಲವು ನೂರು ಮೈಲಿಗಳಲ್ಲಿಯೇ ಹೊರಬೀಳುವುದು ಹೆಚ್ಚು. ಎರಡು ಬೇಸಗೆಗಳನ್ನು, ನಾಲ್ಕು ಘಟ್ಟಗಳನ್ನು ಕಂಡು, ಹೊತ್ತುಹೊತ್ತಿಗೆ ಎಣ್ಣೆ ಬದಲಾದ ಲೆಕ್ಕವಿರುವ ಎಂಜಿನು ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಯಿದ್ದಂತೆ. ಕಟ್ಟಿ ಐದು ವರ್ಷ ಕೊಟ್ಟಿಗೆಯಲ್ಲಿ ನಿಂತದ್ದು ಇನ್ನೂ ಪರೀಕ್ಷೆಗೇ ಕೂತಿಲ್ಲ; ಒಳಗೆ ತುಕ್ಕು ಹಿಡಿದು, ಎಣ್ಣೆ ತಡೆಯುವ ರಬ್ಬರು ಒಣಗಿರಲೂಬಹುದು.

ಎರಡನೆಯದು ಅಳತೆ. ಇದನ್ನು ಈ ಜಾತಿಯ ಗಾಡಿಗಳನ್ನು ಬಲ್ಲ ಮೇಸ್ತ್ರಿಯಿಂದಲೇ ಮಾಡಿಸಬೇಕು, ಮಾರುವವರ ಮೇಸ್ತ್ರಿಯಿಂದಲ್ಲ. ಎಂಜಿನು ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ಗುಗಳನ್ನು ಕಳಚಿ, ಗೇಜು ಇಟ್ಟು ಒಂದೊಂದು ಸಿಲಿಂಡರಿನ ಒತ್ತಡವನ್ನು ಅಳೆಯುತ್ತಾರೆ. ಆರೋಗ್ಯವಂತ ಎಂಜಿನಿನಲ್ಲಿ ಅದು ಚದರಂಗುಲಕ್ಕೆ ಸುಮಾರು 110ರಿಂದ 140 ಪೌಂಡಿನಷ್ಟಿರುತ್ತದೆ. ಅಂಕಿಗಿಂತಲೂ ಮುಖ್ಯವಾದುದು ನಾಲ್ಕರ ಸಮಾನತೆ. ಮೂರು ಸಮನಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಒಳಗೆ ರೋಗವಿದೆ ಎಂದರ್ಥ. ಆ ಸಿಲಿಂಡರಿಗೆ ಹೊರಗಿನಿಂದ ಗಾಳಿ ತುಂಬಿ ಕಿವಿಗೊಟ್ಟರೆ ರೋಗದ ಸ್ಥಾನವೂ ತಿಳಿಯುತ್ತದೆ: ಕಾರ್ಬುರೇಟರಿನಲ್ಲಿ ಗಾಳಿ ಸುಯ್ಯೆಂದರೆ ಒಳಬರುವ ವಾಲ್ವು, ಸೈಲೆನ್ಸರಿನಲ್ಲಿ ಕೇಳಿದರೆ ಹೊರಹೋಗುವ ವಾಲ್ವು, ಎಣ್ಣೆ ಸುರಿಯುವ ಬಾಯಿಯಲ್ಲಿ ಕೇಳಿದರೆ ಪಿಸ್ಟನ್ ರಿಂಗು.

ಬಳಿಕ ಎಂಜಿನು ಪೂರ್ತಿ ತಣ್ಣಗಾದ ಮೇಲೆ ವಾಲ್ವುಗಳ ಸಂದನ್ನು ನೋಡಬೇಕು. ಅದು 0.15 ಮಿಲಿಮೀಟರ್ ಇರಬೇಕು. ಮೂರು ಸಾವಿರ ಮೈಲಿಗೊಮ್ಮೆ ಇದನ್ನು ನೋಡುವುದು ಬಲ್ಲವರ ಪದ್ಧತಿ. ಒಂದೇ ವಾಲ್ವಿನ ಸಂದು ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಅದರ ದಂಡ ಉದ್ದವಾಗುತ್ತಿರಬಹುದು, ಇಲ್ಲವೆ ಅದು ಕೂರುವ ಪೀಠ ಕುಸಿಯುತ್ತಿರಬಹುದು. ನಮ್ಮನ್ನು ಮರುಭೂಮಿಯಲ್ಲಿ ನಿಲ್ಲಿಸಿದ ರೋಗ ಇದೇ ಆಗಿತ್ತು. ಮುರಿಯುವ ಮುನ್ನ ಅದು ಹಲವು ಸಲ ಹೇಳಿಕೊಂಡಿದ್ದಿರಬೇಕು, ಕೇಳಿಸಿಕೊಂಡವರಿರಲಿಲ್ಲ.

ಮೂರನೆಯ ಅಳತೆ ಕ್ರ್ಯಾಂಕಿನ ಹಿಂದುಮುಂದಿನ ಚಲನೆ. ಅದು 0.07ರಿಂದ 0.13 ಮಿಲಿಮೀಟರ್ ಇರಬೇಕು; 0.15 ದಾಟಿದರೆ ಆಯುಸ್ಸು ತೀರುತ್ತ ಬಂದಿದೆಯೆಂದು ತಿಳಿಯಬೇಕು. ಬೆಲ್ಟು ತಿರುಗಿಸುವ ಚಕ್ರವನ್ನು ಕೈಯಿಂದ ಹಿಡಿದು ಜಗ್ಗಿ ನೂಕಿದಾಗ ಟಕ್ಕೆಂಬ ಸದ್ದು ಬಂದರೆ ಅಳತೆಯ ಅಗತ್ಯವೇ ಇಲ್ಲ. ಕಡೆಯದಾಗಿ ಎಣ್ಣೆ. ಈ ಎಂಜಿನಿಗೆ ಕಾಗದದ ಫಿಲ್ಟರಿಲ್ಲ. ಅಡಿಯಲ್ಲಿ ಒಂದು ಜಾಲರಿ ಮಾತ್ರವಿದೆ. ಅದನ್ನು ಬಿಚ್ಚಿ ನೋಡಿದಾಗ ಲೋಹದ ಚೂರುಗಳು ಕಂಡರೆ ವ್ಯಾಪಾರದ ಮಾತನ್ನು ಅಲ್ಲಿಗೇ ನಿಲ್ಲಿಸುವುದು ವಿವೇಕ.

ಮೂರನೆಯ ಸಾಕ್ಷ್ಯ ಓಟ. ಊರೊಳಗೆ ಎರಡು ಸುತ್ತು ಹಾಕಿದರೆ ಏನೂ ತಿಳಿಯದು. ತಣ್ಣಗಿರುವ ಎಂಜಿನನ್ನು ನಮ್ಮ ಕಣ್ಣೆದುರಿಗೆ ಚಾಲೂ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಬೇಕು. ಅರ್ಧ ಗಂಟೆ ಏರುಹಾದಿಯಲ್ಲಿ ಓಡಿಸಿ ನಿಲ್ಲಿಸಿದಾಗ, ಎಂಜಿನು ಮೆಲ್ಲನೆ ತಿರುಗುತ್ತಿರುವಂತೆಯೇ ಎಣ್ಣೆಯ ದೀಪ ಮಿಣುಕುತ್ತದೆಯೇ ನೋಡಬೇಕು. ಒತ್ತಡ ತೀರ ಇಳಿದ ಮೇಲೆ ಹೊತ್ತುವ ದೀಪವದು. ತಡವಾಗಿ ನುಡಿಯುವ ಸಾಕ್ಷಿ. ಇಳಿಜಾರಿನ ಬಳಿಕ ವೇಗ ಹೆಚ್ಚಿಸಿದಾಗ ನೀಲಿ ಹೊಗೆ ಬಂದರೆ ಎಣ್ಣೆ ಒಳಗೆ ಸುಡುತ್ತಿದೆ ಎಂದು ಅರ್ಥ.

ಎಂಜಿನು ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಅದರ ಪರಿವಾರ ಕೆಟ್ಟಿದ್ದರೆ ಬಾಳದು. ಎಂಜಿನಿನ ಸುತ್ತಲಿನ ತಗಡುಗಳೂ ಅಂಚಿನ ರಬ್ಬರೂ ಬಿಸಿಗಾಳಿ ಮರಳಿ ಒಳಬಾರದಂತೆ ತಡೆಯುತ್ತವೆ. ಕೆಲಸಕ್ಕೆ ಅಡ್ಡಿಯೆಂದು ಅವನ್ನು ಕಳಚಿ ಎಸೆದವರಿದ್ದಾರೆ. ತಗಡಿಲ್ಲದ ಈ ಎಂಜಿನು ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟುವ ಜೀವಿಯಂತೆ.

ಇನ್ನೆರಡು ವಿಷಯಗಳು ಗಾಡಿಯವಲ್ಲ, ಪ್ರಾಣದವು. ಪೆಟ್ರೋಲಿನ ರಬ್ಬರು ಕೊಳವೆಗಳು ವಯಸ್ಸಾದಂತೆ ಬಿರುಕುಬಿಡುತ್ತವೆ. ಎಥೆನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರನ್ನು ಬೇಗ ಕೆಡಿಸುತ್ತದೆ. ಬಿಸಿ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿ ಈ ವ್ಯಾನುಗಳು ಹೊತ್ತಿ ಉರಿದುದುಂಟು. ಮೆಗ್ನೀಸಿಯಮ್ಮಿಗೆ ಬೆಂಕಿ ತಗುಲಿದರೆ ನಂದಿಸುವುದು ಬಲು ಕಷ್ಟ. ಆದುದರಿಂದ ಕೊಂಡ ದಿನವೇ ಎಲ್ಲ ಕೊಳವೆಗಳನ್ನೂ ಬದಲಿಸಬೇಕು. ಬೆಂಕಿ ನಂದಿಸುವ ಸಾಧನ ಕೈಗೆಟಕುವಂತಿರಬೇಕು. ಎರಡನೆಯದು, ಚಳಿಯಲ್ಲಿ ಒಳಗೆ ಬರುವ ಬೆಚ್ಚನೆಯ ಗಾಳಿ. ಹೊಗೆ ಕೊಳವೆಗಳನ್ನು ಸುತ್ತುವರಿದ ತಗಡಿನ ಗೂಡುಗಳಲ್ಲಿ ಹಾದು ಆ ಗಾಳಿ ಬಿಸಿಯಾಗುತ್ತದೆ. ಒಳಗಿನ ಕೊಳವೆಯಲ್ಲಿ ತುಕ್ಕು ಹಿಡಿದು ತೂತಾದರೆ ಬೆಚ್ಚನೆಯ ಗಾಳಿಯೊಡನೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿಯೇ ಕೊಲ್ಲುವ ವಿಷವದು. ಆ ಗೂಡುಗಳನ್ನು ಪರೀಕ್ಷಿಸದೆ ಹೀಟರನ್ನು ಮುಟ್ಟಬಾರದು. ವಿಷಗಾಳಿಯ ಎಚ್ಚರಗಂಟೆ ಒಳಗಿರಲೇಬೇಕು.

ಇಷ್ಟನ್ನು ಬರೆದು, ಪತ್ರದ ಕೊನೆಯಲ್ಲಿ ಮಗನ ಪ್ರಶ್ನೆಗೆ ಉತ್ತರಿಸಿದೆವು. ನಮ್ಮ ರೈತರು ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ಬೀಗರ ಮನೆಯ ಎತ್ತಾದರೂ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಬೀಗರು ಮುನಿಯುವುದಿಲ್ಲ, ತಾವೇ ಬಾಯಿ ಬಿಡಿಸಿ ತೋರಿಸುತ್ತಾರೆ. ಅನುಭವ ಮಂಟಪದ ಶರಣರಲ್ಲಿ ನುಲಿಯ ಚಂದಯ್ಯನವರು ಹಗ್ಗ ಹೊಸೆಯುವ ಕಾಯಕದವರು. ಹಗ್ಗದ ಗಟ್ಟಿತನವನ್ನು ಹೊಸೆದವನ ಮಾತಿನಿಂದ ಯಾರೂ ಅಳೆಯುವುದಿಲ್ಲ, ಜಗ್ಗಿ ನೋಡುತ್ತಾರೆ. ಸತ್ಯವಾದ ಕಾಯಕಕ್ಕೆ ಜಗ್ಗುವುದರಿಂದ ನಷ್ಟವಿಲ್ಲ. ನುಡಿ ಮತ್ತು ನಡೆ ಒಂದಾಗಿರಬೇಕೆಂಬ ಧರ್ಮದಲ್ಲಿ ಹುಟ್ಟಿದವರು, ನಡೆಯನ್ನು ನೋಡುತ್ತೇವೆ ಎಂದರೆ ನೋಯುವುದೇಕೆ? 'ನಮ್ಮವರು' ಎಂಬ ಮಾತು ಪರೀಕ್ಷೆಯಿಂದ ಪಾರಾಗುವ ರಹದಾರಿಯಲ್ಲ. ಪರೀಕ್ಷಿಸದೆ ಕೊಂಡು, ನಾಳೆ ಗಾಡಿ ಕೆಟ್ಟಾಗ ಮನಸ್ಸಿನಲ್ಲಿಯೇ ಅವರನ್ನು ಶಪಿಸುವುದಕ್ಕಿಂತ ಇಂದೇ ಕೇಳುವುದು ಸಂಬಂಧಕ್ಕೂ ಕ್ಷೇಮ. ನಾವು 2014ರಲ್ಲಿ ಕೇಳಗೊಡದೆ ಹೋದುದರಿಂದ ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ಆ ಮೌನದ ಪಾಲು ನಮ್ಮ ಮೇಲೂ ಇದೆ.

ಮುಂದಿನದನ್ನು ಶಿಕ್ಷಕರ ಇನ್ನೊಂದು ಪತ್ರದಿಂದ ತಿಳಿದೆವು. ಮಗ ಸಂಕೋಚದಿಂದಲೇ ಹಿರಿಯರನ್ನು ಕೇಳಿದ. ಅವರು ಮೊದಲು ಮುಖ ಗಂಟಿಕ್ಕಿದರು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಗಾಡಿ ತಂದು, "ನಡೆಯಪ್ಪಾ, ನಾನೂ ಬರುತ್ತೇನೆ" ಎಂದರು. ಗೇಜಿನಲ್ಲಿ ಮೂರು ಸಿಲಿಂಡರುಗಳು 120ರ ಮೇಲೆ. ಮೂರನೆಯದು ಮಾತ್ರ 90. ಮೇಸ್ತ್ರಿ ಗಾಡಿಯನ್ನು ಎತ್ತಿ ನಿಲ್ಲಿಸಿ, ಎಡಬದಿಯ ತಗಡಿನ ಗೂಡಿನೊಳಗೆ ಟಾರ್ಚು ಹಿಡಿದು ಇಬ್ಬರನ್ನೂ ಕರೆದು ತೋರಿಸಿದ. ಒಳಕೊಳವೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತಿತ್ತು.

ಹಿರಿಯರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರಂತೆ. ಆಮೇಲೆ ಮೆಲುದನಿಯಲ್ಲಿ, "ಡಿಸೆಂಬರಿನಲ್ಲಿ ಮೊಮ್ಮಕ್ಕಳನ್ನು ಹಿಮ ತೋರಿಸಲೆಂದು ಇದರಲ್ಲೇ ಟಾಹೋ ಸರೋವರಕ್ಕೆ ಕರೆದೊಯ್ದಿದ್ದೆ. ಹೀಟರು ಹಾಕಿದ್ದೆ. ತಲೆನೋವೆಂದು ಇಬ್ಬರೂ ಅಳುತ್ತಿದ್ದರು. ಘಟ್ಟದ ತಿರುವುಗಳಿಂದ ಇರಬೇಕೆಂದು ಕಿಟಕಿ ತೆರೆದೆ" ಎಂದರು. ಕಿಟಕಿ ತೆರೆದುದರಿಂದ ಆ ಮಕ್ಕಳು ಉಳಿದರು.

ಹೆಡ್ಡುಗಳನ್ನೂ ಎರಡೂ ಗೂಡುಗಳನ್ನೂ ಆ ಹಿರಿಯರು ತಮ್ಮ ಖರ್ಚಿನಲ್ಲಿಯೇ ಹೊಸದಾಗಿ ಹಾಕಿಸಿಕೊಟ್ಟರು. ಬಿಲ್ಲುಗಳನ್ನು ಗಾಡಿಯ ಕಾಗದಗಳೊಂದಿಗೆ ಇಟ್ಟರು. ಜುಲೈ ತಿಂಗಳಲ್ಲಿ ಶಿಕ್ಷಕ ದಂಪತಿಗಳು ಅದೇ ವ್ಯಾನಿನಲ್ಲಿ ಯೋಸೆಮಿಟಿ ಕಣಿವೆಯನ್ನು ನೋಡಿಬಂದರು. ದಾರಿಯಲ್ಲಿ ಒಮ್ಮೆ ಫ್ಯಾನಿನ ಬೆಲ್ಟು ಹರಿಯಿತು. ಕೆಂಪು ದೀಪ ಹೊತ್ತಿದೊಡನೆ ಮಗ ಗಾಡಿ ನಿಲ್ಲಿಸಿ, ಜೊತೆಗಿದ್ದ ಹೊಸ ಬೆಲ್ಟನ್ನು ಅರ್ಧ ಗಂಟೆಯಲ್ಲಿ ಹಾಕಿದ. ಅಷ್ಟರಲ್ಲಿ ತಾಯಿ ಒಳಗಿನ ಒಲೆಯ ಮೇಲೆ ಉಪ್ಪಿಟ್ಟು ಮಾಡಿದ್ದರಂತೆ.